ಸಾವಿ ಅಕ್ಕಿ, ಸೋಲಾರ್, ಸಂಘಂ ರೇಡಿಯೋ: ಕುಂದಗೋಳದಿಂದ ಮಾಚನೂರಿನವರೆಗೆ

ಮೊದಲ ದಿನ: ಹುಬ್ಬಳ್ಳಿ – ಕುಂದಗೋಳ – ತೀರ್ಥ

ದೀಪಾವಳಿ ಕಳೆದಿತ್ತು, ಮಳೆ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಬಸ್ಸು ಬೇಕಾದಷ್ಟಿವೆ, ಬೆಂಗಳೂರು ಮಾರ್ಗದ ರೈಲು ಹಳಿಯೂ ಇದೇ ಊರನ್ನು ಹಾದು ಹೋಗುತ್ತದೆ. ಎರಡೂ ಕಡೆ ಕರಿ ಎರಿ ಹೊಲ. ಹತ್ತಿ ಒಡೆದು ಬೆಳ್ಳಗಾಗಿತ್ತು, ಮೆಣಸಿನ ಗಿಡದಲ್ಲಿ ಕಾಯಿ ಇನ್ನೂ ಹಸಿರು, ಶೇಂಗಾ ಕಿತ್ತ ಹೊಲಗಳಲ್ಲಿ ಬಳ್ಳಿ ಒಟ್ಟಿದ್ದರು. ಸಂಗೀತ ಬಲ್ಲವರಿಗೆ ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಬರುತ್ತಿದ್ದದ್ದು ಇಲ್ಲಿಗೇ. ನಾವು ಹೊರಟದ್ದು ಅದೇ ತಾಲ್ಲೂಕಿನ ತೀರ್ಥ ಗ್ರಾಮಕ್ಕೆ, ಸಿರಿಧಾನ್ಯ ಹಿಡಿದ ಹೆಂಗಸರ ಸಂಘವೊಂದನ್ನು ನೋಡಲು.

ಹೊಲ ನೋಡೋಣವೆಂದು ಡಾಂಬರು ಬಿಟ್ಟು ಇಳಿಸಿದ ಕಾರು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹೂತಿತು. ಎರಿ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂರುವುದರಿಂದ ಎಕ್ಸಲರೇಟರ್ ತುಳಿದಷ್ಟೂ ಕೆಳಗೇ ಇಳಿಯುತ್ತದೆ. ಗಾಲಿ ಮುಂದೆ ಹತ್ತಿಕಟ್ಟಿಗೆ ಹಾಸಿ, ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಹೊರಗೆಳೆದ ರೈತರು, "ಮಳಿ ಆದ ಮ್ಯಾಲ ಎರಡ್ ದಿನ ಎರಿ ದಾರ್ಯಾಗ ಗಾಡಿ ಇಳಸಬಾರದ್ರಿ. ಡಾಂಬರಿನ ಮ್ಯಾಲ ನಿಲ್ಲಿಸಿ, ಚಪ್ಪಲಿ ಕೈಯಾಗ ಹಿಡಕೊಂಡು ನಡಕೋಂತ ಬರ್ರಿ" ಎಂದರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಈ ಕಡೆ ಮಳೆಗಾಲದ ಕೊನೆಗೆ ಬರುವವರು ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ತೀರ್ಥದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಶುರುವಾದದ್ದು 2018ರಲ್ಲಿ, 15 ಹೆಂಗಸರಿಂದ. ಮಳೆಯಾಶ್ರಿತ ಹೊಲ, ಸಣ್ಣ ಹಿಡುವಳಿ, ಕೂಲಿ, ಹಿನ್ನೆಲೆ ಇಷ್ಟೆ. ಅವರು ಕೈಹಾಕಿದ್ದು ಊರು ಬಿಟ್ಟುಹೋಗುತ್ತಿದ್ದ ಸಿರಿಧಾನ್ಯಕ್ಕೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಪ್ರಶಸ್ತಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿದೆ. ಅದರ ಹಿಂದಿನ ಕೆಲಸ ಎಷ್ಟು ನಾಜೂಕಿನದು ಎಂಬುದು ಅಷ್ಟಾಗಿ ಬಂದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಜೋಳ, ಸಜ್ಜಿ, ರಾಗಿಗಳನ್ನು ನೇರ ಬೀಸಬಹುದು. ಸಾವಿ (ಸಾಮೆ), ನವಣಿ, ಬರಗು, ಊದಲು, ಹಾರಕ, ಕೊರಲೆಗಳಿಗೆ ತಿನ್ನಲಾಗದ ಗಟ್ಟಿ ಹೊಟ್ಟು ಇರುತ್ತದೆ. ಮೊದಲು ಅದನ್ನು ಕಲ್ಲಿನಲ್ಲಿ ಹಗುರಾಗಿ ಬೀಸಿ, ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ ತೆಗೆಯುತ್ತಿದ್ದರು. ಮನೆಮಂದಿಯ ಒಂದು ದಿನದ ಅಕ್ಕಿಗೆ ಹೆಣ್ಣಿನ ಅರ್ಧ ದಿನ ಹೋಗುತ್ತಿತ್ತು. ರೇಷನ್ ಅಂಗಡಿಯಲ್ಲಿ ಬಿಳಿ ಅಕ್ಕಿ ಸಿಕ್ಕಿದ ಮೇಲೆ ಈ ಕೆಲಸ ಯಾರು ಮಾಡಿಯಾರು? ಸಿರಿಧಾನ್ಯ ಹೊಲದಿಂದ ಮರೆಯಾದದ್ದಕ್ಕೆ ರುಚಿ ಕಾರಣವಲ್ಲ, ಈ ದುಡಿಮೆ ಕಾರಣ. ಇದನ್ನು ಅರ್ಥಮಾಡಿಕೊಳ್ಳದ ಪ್ರಚಾರವೆಲ್ಲ ವ್ಯರ್ಥ ಎಂದೇ ನನ್ನ ನಂಬಿಕೆ.

ಯಂತ್ರ ಬಂದರೂ ಕೆಲಸದ ಕ್ರಮ ತಪ್ಪಬಾರದು. ಮೊದಲು ಗಾಳಿ ಬೀಸುವ ಜರಡಿ ಯಂತ್ರ: ಕಡ್ಡಿ, ಜೊಳ್ಳು, ಕಳೆಬೀಜ ಇಲ್ಲಿ ಹೋಗುತ್ತವೆ. ಆಮೇಲೆ ಕಲ್ಲು ತೆಗೆಯುವ ಡಿಸ್ಟೋನರ್: ಇಳಿಜಾರಾದ ಜಾಲರಿ ಅಲುಗುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ, ಹಗುರಾದ ಕಾಳು ತೇಲಿ ಕೆಳಗಿಳಿದರೆ ಭಾರದ ಹರಳು ಮೇಲಕ್ಕೆ ಹತ್ತಿ ಬೇರೆಯಾಗುತ್ತದೆ. ಸಾವಿಯ ಕಾಳೂ ಮರಳೂ ಹೆಚ್ಚುಕಡಿಮೆ ಒಂದೇ ಗಾತ್ರ. ಡಾಂಬರು ರಸ್ತೆಯ ಮೇಲೆ ಅಥವಾ ಸಗಣಿ ಸಾರಿಸದ ಕಣದಲ್ಲಿ ಒಕ್ಕಿದ ರಾಶಿಯನ್ನು ಎರಡು ಸಲ ಹಾಯಿಸಿದರೂ ಒಂದೆರಡು ಹರಳು ಉಳಿಯುತ್ತವೆ. ಹರಳಿನ ಸಮಸ್ಯೆ ಮಿಲ್ಲಿನಲ್ಲಿ ಹುಟ್ಟುವುದಿಲ್ಲ, ಕಣದಲ್ಲಿ ಹುಟ್ಟುತ್ತದೆ. ಒಕ್ಕುವಾಗ ತಾಡಪಾಲು ಹಾಸುವ ರೈತನ ಮಾಲಿಗೆ ಒಳ್ಳೆಯ ದರ ಬರುವುದು ಅದಕ್ಕೇ.

ಮೂರನೆಯದು ಹೊಟ್ಟು ಬಿಡಿಸುವ ಡಿಹಲ್ಲರ್. ತಿರುಗುವ ಚಕ್ರ ಕಾಳನ್ನು ಗೋಡೆಗೆ ಚಿಮ್ಮುತ್ತದೆ, ಆ ಪೆಟ್ಟಿಗೆ ಹೊಟ್ಟು ಬಿರಿಯುತ್ತದೆ. ಇಲ್ಲಿ ಕಾಳಿನ ತೇವವೇ ಎಲ್ಲ. ನೂರಕ್ಕೆ 10ರಿಂದ 12ರಷ್ಟು ಇರಬೇಕು. ಅದಕ್ಕಿಂತ ಹಸಿಯಿದ್ದರೆ ಹೊಟ್ಟು ಬಿಡುವುದಿಲ್ಲ, ತೀರಾ ಒಣಗಿದ್ದರೆ ಅಕ್ಕಿ ನುಚ್ಚಾಗುತ್ತದೆ. ಮಾಪಕ ಇಲ್ಲದವರು ಎರಡು ಕಾಳು ಹಲ್ಲಿಗೆ ಹಾಕಿ ನೋಡುತ್ತಾರೆ: ಟಕ್ ಎಂದು ಒಡೆಯಬೇಕು, ನೆಗ್ಗಬಾರದು. ಸಾವಿಗೆ ಇಟ್ಟ ವೇಗ ಹಾರಕಕ್ಕೆ ಸಾಲದು, ಹಾರಕದ ಹೊಟ್ಟು ಪದರು ಪದರಾಗಿರುತ್ತದೆ, ಎರಡು ಮೂರು ಸಲ ಹಾಯಿಸಬೇಕು. ಒಂದು ಕ್ವಿಂಟಲ್ ಸಾವಿಗೆ 60–65 ಕಿಲೋ ಅಕ್ಕಿ ಇಳಿದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಕೊನೆಗೆ ಮತ್ತೆ ಗಾಳಿ, ಮತ್ತೆ ಜರಡಿ, ಮೊರ ಹಿಡಿದು ಕೈಯಾರೆ ಆರಿಸುವುದು. ಈ ಕೊನೆಯ ಹಂತಕ್ಕೆ ಹೆಂಗಸರ ಕಣ್ಣನ್ನು ಮೀರಿಸುವ ಯಂತ್ರವನ್ನು ನಾವು ಎಲ್ಲೂ ನೋಡಿಲ್ಲ.

ಕರೆಂಟಿನ ಮಾತು ಬೇರೆಯೇ. ಹಳ್ಳಿಯ ವಿದ್ಯುತ್ ಕೈಕೊಟ್ಟಾಗ ಓಡುವ ಡಿಹಲ್ಲರ್ ನಿಂತುಬಿಟ್ಟರೆ ಕಾಳು ಚಕ್ರದ ಸುತ್ತ ಗಿಡಿದು ಕೂರುತ್ತದೆ. ಹಾಗೇ ಮತ್ತೆ ಚಾಲೂ ಮಾಡಿದರೆ ಮೋಟರ್ ಸುಡುತ್ತದೆ. ಬಿಚ್ಚಿ, ಬಳಿದು, ಖಾಲಿ ಮಾಡಿಯೇ ಸ್ವಿಚ್ ಹಾಕಬೇಕು. ತೀರ್ಥದ ಘಟಕಕ್ಕೆ ಸೆಲ್ಕೋ ಫೌಂಡೇಶನ್ನಿನ ನೆರವಿನಿಂದ ಸೋಲಾರ್ ಬಂದಿರುವುದು ಈ ತೊಂದರೆಗೆ ಉತ್ತರ. ಸೋಲಾರಿಗೂ ಅದರದೇ ಶಿಸ್ತು ಬೇಕು. ಭಾರದ ಯಂತ್ರಗಳನ್ನು ಬಿಸಿಲು ಏರಿದ ಮೇಲೆ ಒಂದರ ನಂತರ ಒಂದು ಚಾಲೂ ಮಾಡಬೇಕು, ಮೋಡದ ದಿನ ಆರಿಸುವ, ತುಂಬುವ ಕೆಲಸ ಇಟ್ಟುಕೊಳ್ಳಬೇಕು, ಹಲಗೆಯ ಮೇಲೆ ಕೂತ ಹೊಟ್ಟಿನ ಧೂಳನ್ನು ಒರೆಸುತ್ತಿರಬೇಕು.

ಎರಡನೆಯ ದಿನ: ಬೀಜ, ಊಟ, ಲೆಕ್ಕ

ಸುಗ್ಗಿಯ ಕಾಲದಲ್ಲಿ ಬೆಳಿಗ್ಗೆ ಹೋದರೆ ಯಾರೂ ಸಿಗುವುದಿಲ್ಲ. ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ, ಮಾತಿಗೆ ಸಿಗುವುದು ಮಧ್ಯಾಹ್ನದ ಮೇಲೆ. ಹೀಗಾಗಿ ನಾವೂ ಹೊಲಕ್ಕೇ ಹೋದೆವು, ಈ ಸಲ ನಡೆದುಕೊಂಡು.

ಬೀಜದ ಆಯ್ಕೆ ನಡೆಯುವುದು ರಾಶಿಯಲ್ಲಿ ಅಲ್ಲ, ನಿಂತ ಬೆಳೆಯಲ್ಲಿ. ಅಂಚಿನ ಸಾಲು ಬಿಟ್ಟು ನಡುಹೊಲದಲ್ಲಿ, ಒಂದೇ ಎತ್ತರದ, ರೋಗವಿಲ್ಲದ, ಕಾಳು ತುಂಬಿದ ತೆನೆಗಳನ್ನು ಗುರುತಿಸಿ ಕೊಯ್ಲಿಗೆ ಮೊದಲೇ ಬೇರೆ ಕೊಯ್ಯುತ್ತಾರೆ. ಅಂಚಿನ ಗಿಡಕ್ಕೆ ಬಿಸಿಲು, ಗೊಬ್ಬರ ಹೆಚ್ಚು ಸಿಗುವುದರಿಂದ ಅದು ಬೇರೆಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಅದನ್ನು ನಂಬಬಾರದು. ಒಕ್ಕಿದ ಬೀಜವನ್ನು ಎಳೆಬಿಸಿಲಿನಲ್ಲಿ ಒಣಗಿಸಿ, ಬೂದಿ ಮತ್ತು ಒಣಗಿದ ಬೇವಿನ ಸೊಪ್ಪು ಬೆರೆಸಿ, ಮಡಕೆಯಲ್ಲಿಟ್ಟು ಬಾಯಿಗೆ ಸಗಣಿ-ಮಣ್ಣು ಮೆತ್ತುತ್ತಾರೆ. ಬೇವು ಹಸಿಯಾಗಿದ್ದರೆ ಅದರ ತೇವವೇ ಬೀಜ ಕೆಡಿಸುತ್ತದೆ. ಬಿತ್ತುವ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ವಾರದೊಳಗೆ ಎಷ್ಟು ಮೊಳೆತವು ನೋಡುತ್ತಾರೆ. ಎಂಬತ್ತರ ಮೇಲಿದ್ದರೆ ಎಕರೆಗೆ ಮೂರ್ನಾಲ್ಕು ಕಿಲೋ ಸಾಕು, ಕಡಿಮೆಯಿದ್ದರೆ ಆ ಲೆಕ್ಕದಲ್ಲಿ ಹೆಚ್ಚು. ಸಮುದಾಯ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇರುವ ಕರಾರು: ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ಸೇರು ತಂದು ಹಾಕಬೇಕು.

"ಕಂಪನಿ ಬೀಜ ಮುಗದ್ರ ಅಂಗಡಿಗೆ ಹೋಗಬೇಕ್ರಿ, ರೊಕ್ಕ ಬೇಕು. ಇದು ಮುಗದ್ರ ನೆರಿಮನಿಗೆ ಹೋದ್ರ ಸಾಕು" ಎಂದರು ತೆನೆ ಕೊಯ್ಯುತ್ತಿದ್ದ ಅಜ್ಜಿ.

ಊಟಕ್ಕೆ ಸಾವಿ ಅನ್ನ, ಹೆಸರಕಾಳು ಪಲ್ಯ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಸಾವಿ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಅಳತೆ ಕುದಿಯುವ ನೀರಿಗೆ ಹಾಕಿ, ಹನ್ನೆರಡು ನಿಮಿಷ ಬೇಯಿಸಿ, ಮುಚ್ಚಿ ಹತ್ತು ನಿಮಿಷ ಬಿಡಬೇಕು. ಕುಕ್ಕರಿನಲ್ಲಿ ಇಟ್ಟು ಮುದ್ದೆ ಮಾಡಿಕೊಂಡು 'ಚೆನ್ನಾಗಿಲ್ಲ' ಎನ್ನುವವರೇ ಹೆಚ್ಚು. ಮನೆಗೆ ಕೊಳ್ಳುವವರಿಗೆ ಅವರು ಹೇಳುವ ಇನ್ನೊಂದು ಮಾತು: ತೌಡು ಉಳಿಸಿದ ಅಕ್ಕಿಯಲ್ಲಿ ಎಣ್ಣೆಯಂಶ ಇರುವುದರಿಂದ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಸ್ವಲ್ಪಸ್ವಲ್ಪವೇ ತರಿಸಿಕೊಳ್ಳಿ. ಹೊಟ್ಟಿನ ಸಮೇತ ಇಟ್ಟ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಸಂಘ ದಾಸ್ತಾನು ಇಡಬೇಕಾದದ್ದು ಕಾಳನ್ನು, ಅಕ್ಕಿಯನ್ನಲ್ಲ.

ಈ ಊರಿನ ಹೆಂಗಸರ ಬೆನ್ನಿಗೆ ಯಾರ್ಯಾರು ನಿಂತರು ಎಂಬುದನ್ನು ಬಿಡಿಸಿ ನೋಡಬೇಕು. ದೇಸಿ ಬೀಜದ ಜ್ಞಾನ ಮತ್ತು ಮಾರುಕಟ್ಟೆಯ ನಂಟು ಸಹಜ ಸಮೃದ್ಧ ಎಂಬ ಸಂಸ್ಥೆಯಿಂದ. ಹೈದರಾಬಾದಿನ ಸಿರಿಧಾನ್ಯ ಸಂಶೋಧನಾ ಸಂಸ್ಥೆಯೂ ಜತೆಗಿದೆ. ಹೊರದೇಶದ ಕೊಂಡಿ ಎಂದರೆ ಕ್ರಾಪ್ಸ್‌ ಫಾರ್‌ ಎಚ್‌ಡಿ ಎಂಬ ಯೋಜನೆ. ಸ್ವಿಟ್ಜರ್ಲೆಂಡಿನ ಸ್ವಿಸ್‌ಏಡ್ ಸಂಸ್ಥೆಯ ಮುಂದಾಳತ್ವದಲ್ಲಿ, ಸಾವಯವ ಕೃಷಿ ಸಂಶೋಧನಾ ಸಂಸ್ಥೆ ಎಫ್‌ಐಬಿಎಲ್ ಜತೆಗೂಡಿ, ಅಲ್ಲಿನ ಸರ್ಕಾರದ ಅಭಿವೃದ್ಧಿ ನೆರವಿನ ಹಣದಲ್ಲಿ, ಭಾರತ, ತಾಂಜಾನಿಯಾ, ನೈಜರ್, ಚಾಡ್ ದೇಶಗಳಲ್ಲಿ ಮರೆತ ಬೆಳೆಗಳಿಗಾಗಿ ನಡೆಯುವಂಥದ್ದು. ಹೊರಗಿನವರು ಯಂತ್ರ, ತರಬೇತಿ, ಪರೀಕ್ಷೆ, ಹೆಸರು ತಂದರು. ಬೀಜ, ಹೊಲ, ರುಚಿಯ ನೆನಪು ಊರಿನದೇ. ಈ ಹಂಚಿಕೆ ಸರಿಯಿದ್ದುದರಿಂದಲೇ ಕೆಲಸ ನಿಂತಿದೆ ಎಂದು ನಮಗೆ ಅನಿಸಿತು.

ಸಂಜೆ ಹತ್ತಿರದ ಒಂದು ಊರಿನಲ್ಲಿ ಇನ್ನೊಂದು ಸಂಘದ ವಾರದ ಸಭೆಗೆ ಕೂತೆವು. ಠರಾವು ಪುಸ್ತಕ, ಹಾಜರಿ, ಉಳಿತಾಯದ ಲೆಡ್ಜರ್, ಸಾಲದ ಲೆಡ್ಜರ್, ಬ್ಯಾಂಕ್ ಪಾಸ್‌ಬುಕ್. ಹತ್ತರಿಂದ ಇಪ್ಪತ್ತು ಮಂದಿ, ವಾರಕ್ಕೊಮ್ಮೆ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಮಯಕ್ಕೆ ಮರುಪಾವತಿ, ಬರೆದಿಟ್ಟ ಲೆಕ್ಕ. ಈ ಪದ್ಧತಿಯ ಬೇರು ಕರ್ನಾಟಕದಲ್ಲೇ ಇದೆ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಗುಂಪುಗಳಿಗೆ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟು ನೋಡಿತು, 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಸಂಘ ಒಡೆಯುವುದು ಸಾಮಾನ್ಯವಾಗಿ ಎರಡು ಕಡೆ: ಲೆಕ್ಕ ಒಬ್ಬಳಿಗೇ ಗೊತ್ತಿರುವುದು, ಸಾಲ ಯಾವಾಗಲೂ ಅದೇ ಮೂವರಿಗೆ ಹೋಗುವುದು. ಸಭೆಯ ಕೊನೆಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿ ಎರಡಕ್ಕೂ ಮದ್ದು. ಅಲ್ಲಿ ಓದಿದ ಹುಡುಗಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಒಂದು ಕಡೆ ಕೂಡಿಸಿದ್ದು ತಪ್ಪಿತ್ತು. ಹೆಬ್ಬೆಟ್ಟು ಒತ್ತುವ ಹಿರಿಯರೊಬ್ಬರು ಬಾಯಿಲೆಕ್ಕದಲ್ಲೇ ಹಿಡಿದರು: "ತಂಗಿ, ಇನ್ನೊಮ್ಮಿ ಓದವ್ವಾ."

ಮೂರನೆಯ ದಿನ: ಬೀದರ್

ರಾತ್ರಿ ಬಸ್ಸು ಬೀದರ್ ಮುಟ್ಟಿದಾಗ ಬೆಳಗಿನ ಚಳಿ ಹಿಡಿದಿತ್ತು. ಕರಿ ಮಣ್ಣು ಹೋಗಿ ಕೆಂಪು ಮುರಕಲ್ಲು ಬಂದಿತ್ತು. ಈ ಊರಿಗೂ ಹೆಂಗಸರ ಸಂಘಟನೆಗೂ ಹಳೆಯ ನಂಟು: 1989ರಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಮಹಿಳಾ ಸಮಖ್ಯಾ ಕರ್ನಾಟಕದಲ್ಲಿ ಶುರುವಾದ ಮೂರು ಜಿಲ್ಲೆಗಳಲ್ಲಿ ಬೀದರ್ ಒಂದು, ಉಳಿದೆರಡು ಬಿಜಾಪುರ ಮತ್ತು ಮೈಸೂರು. ಅದು ಹಣ ಹಂಚದೆ ಸಂಘದ ಹೆಂಗಸರಿಗೆ ಓದು, ಕಾನೂನು, ಪಂಚಾಯ್ತಿಯ ಬಾಗಿಲು ತೋರಿಸಿದ ಕಾರ್ಯಕ್ರಮ. ಬಂದ್ ಆಗಬಾರದಿತ್ತು.

ಬಸ್ ನಿಲ್ದಾಣದ ಬಳಿ ಚಹಾಕ್ಕೆ ಕೂತಾಗ ಸ್ವಯಂಸೇವಾ ಸಂಸ್ಥೆಗಳ ಲೆಕ್ಕ ಬರೆಯುವವರೊಬ್ಬರು ಪಕ್ಕದಲ್ಲಿ ಸಿಕ್ಕರು. ವಿದೇಶಿ ನೆರವಿನ ಮಾತು ತೆಗೆದಕೂಡಲೇ ಅವರು ಟೇಬಲಿನ ಮೇಲೆ ಬೆರಳಿನಿಂದಲೇ ಚಿತ್ರ ಬರೆದು ವಿವರಿಸಿದರು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಮೂರು ಸಂಗತಿ ಬದಲಾಗಿವೆ. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮೊದಲು ದೊಡ್ಡ ಸಂಸ್ಥೆಯೊಂದು ತಂದು ಹಳ್ಳಿಯ ಸಣ್ಣ ಗುಂಪುಗಳಿಗೆ ಹಂಚುತ್ತಿದ್ದ ದಾರಿ ಮುಚ್ಚಿತು. ನೇರ ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿದ ದಾಖಲೆ ಬೇಕು. ಹದಿನೈದು ಹೆಂಗಸರ ಸಂಘಕ್ಕೆ ಅದು ದೂರದ ಮಾತು.

"ಹಾಗಾದ್ರೆ ಏನ್ ಮಾಡಬೇಕ್ರಿ?" ಎಂದಾಗ ಅವರು ಹೇಳಿದ್ದು ಬರೆದುಕೊಳ್ಳುವಂತಿತ್ತು. ನೋಂದಣಿಯುಳ್ಳ ಸಂಸ್ಥೆ ತಾನೇ ತರಬೇತಿ ನಡೆಸಬಹುದು, ತಾನೇ ಯಂತ್ರ ಕೊಂಡು ಹಳ್ಳಿಯಲ್ಲಿ ಇಡಬಹುದು. ಆದರೆ ಮೊದಲ ದಿನವೇ ಕನ್ನಡದಲ್ಲಿ ಒಪ್ಪಂದ ಬರೆಸಿಕೊಳ್ಳಬೇಕು: ಯಂತ್ರ ಯಾರ ಹೆಸರಿನಲ್ಲಿದೆ, ರಿಪೇರಿ ಯಾರದು, ಜಾಗದ ಬಾಡಿಗೆ ಯಾರದು, ಯೋಜನೆ ಮುಗಿದ ಮೇಲೆ ಯಂತ್ರ ಎಲ್ಲಿರುತ್ತದೆ. "ಇದು ಬರೀದೇ ಇದ್ದರ ಮೂರ್ ವರ್ಷಕ್ಕ ಪ್ರಾಜೆಕ್ಟ್ ಮುಗೀತದ, ಬೆಲ್ಟ್ ಹರೀತದ, ಮಷಿನ್ ಮೂಲಿಗೆ ಬೀಳ್ತದ" ಎಂದರು. ಅಂಥ ಬೆಲ್ಟ್ ಹರಿದ ಯಂತ್ರಗಳನ್ನು ನೋಡದ ಜಿಲ್ಲೆ ಯಾವುದಿದೆ! ಇನ್ನು ಪ್ರತಿ ಕ್ವಿಂಟಲಿಗೆ ಇಷ್ಟೆಂದು ಸವಕಳಿ ನಿಧಿ ತೆಗೆದಿಡುವುದು ಸಂಘವೇ ಮಾಡಬಹುದಾದ ಕೆಲಸ.

ನಾಲ್ಕನೆಯ ದಿನ: ಜಹೀರಾಬಾದ್ – ಪಸ್ತಾಪುರ

ಬೀದರಿನಿಂದ ತೆಲಂಗಾಣದ ಜಹೀರಾಬಾದಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಗಡಿ ದಾಟಿದ್ದು ಬೋರ್ಡಿನ ಅಕ್ಷರ ಬದಲಾದಾಗಲೇ ಗೊತ್ತಾಗುವುದು. ಸಂತೆಯಲ್ಲಿ ತೆಲುಗು, ದಖನಿ, ಕನ್ನಡ, ಮರಾಠಿ ಕಲಸಿಹೋಗಿವೆ. ನಡುವೆ ಕಬ್ಬು, ಶುಂಠಿ. ನೀರಿದ್ದವರ ಬೆಳೆ ಅದು. ನಾವು ಹೊರಟದ್ದು ನೀರಿಲ್ಲದವರ ಹೊಲಕ್ಕೆ.

ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ 1983ರಿಂದ ಇದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಬಂದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಇಲ್ಲಿನ ಊರೂರಿನ ಹೆಂಗಸರ ಗುಂಪುಗಳಿಗೆ ಸಂಘಂ ಎಂದು ಹೆಸರು, ಸದಸ್ಯೆಯರು ಹೆಚ್ಚಾಗಿ ದಲಿತ ಹೆಂಗಸರು. ಸರ್ಕಾರ ಕೊಟ್ಟ ಭೂಮಿಯೆಂದರೆ ಮುರಕಲ್ಲಿನ ಪಡ, ಅಂದರೆ ಬೀಳು ನೆಲ. ಅದಕ್ಕೆ ಒಡ್ಡು ಹಾಕಿ, ಕಲ್ಲು ಆಯ್ದು, ಗೊಬ್ಬರ ತುಂಬಿ ಹೊಲ ಮಾಡಿದರು. 2019ರಲ್ಲಿ ಈ ಹೆಂಗಸರಿಗೂ ಈಕ್ವೇಟರ್ ಪ್ರಶಸ್ತಿ ಬಂತು.

ಒಂದೇ ಎಕರೆಯಲ್ಲಿ ಹದಿನೈದು-ಇಪ್ಪತ್ತು ಬೆಳೆ. ಜೋಳದ ಸಾಲು, ನಡುವೆ ತೊಗರಿ, ಪುಂಡಿ, ಅಲಸಂದಿ, ಹುರುಳಿ. ನವಣಿ ಆಗಲೇ ಕೊಯ್ದಾಗಿತ್ತು, ತೊಗರಿ ಹೂವಿಗೆ ಬಂದಿತ್ತು. ಮಳೆ ಬೇಗ ನಿಂತರೆ ನವಣಿ ಕೈಹಿಡಿಯುತ್ತದೆ, ತಡವಾಗಿ ಬಂದರೆ ತೊಗರಿ. ಬೇರೆ ಬೇರೆ ಆಳಕ್ಕೆ ಬೇರು ಬಿಡುವುದರಿಂದ ಒಂದರ ನೀರು ಇನ್ನೊಂದು ಕಸಿಯುವುದಿಲ್ಲ. ಸಾಲಿನ ನಡುವೆ ತಾನೇ ಹುಟ್ಟುವ ಅಣ್ಣೆ ಸೊಪ್ಪಿನಂಥವನ್ನು ಕಳೆ ಎನ್ನದೆ ಪಲ್ಯಕ್ಕೆ ಕೊಯ್ಯುತ್ತಾರೆ; ಕಳೆನಾಶಕ ಹೊಡೆದ ಹೊಲದಲ್ಲಿ ಬಡವರ ಈ ಪಲ್ಯವೇ ಸಾಯುತ್ತದೆ. ಈಗ ಕಡಲೆ, ಅಗಸಿ, ಹಿಂಗಾರಿ ಜೋಳ ಬಿತ್ತುವ ಹೊತ್ತು; ಅವು ನೆಲದ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುತ್ತವೆ.

ಇಲ್ಲಿನ ಧಾನ್ಯ ನಿಧಿಯ ಕಥೆ ನಮಗೆ ಎಲ್ಲಕ್ಕಿಂತ ದೊಡ್ಡದು. 1990ರ ದಶಕದ ನಡುವೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ ಪಡ ಬಿದ್ದ ಹೊಲಗಳಿಗೆ ಉಳುಮೆ, ಗೊಬ್ಬರ, ಬೀಜಕ್ಕೆ ಸಾಲ ಕೊಟ್ಟರು. ತೀರಿಸಬೇಕಾದದ್ದು ರೊಕ್ಕದಲ್ಲಿ ಅಲ್ಲ, ಜೋಳದಲ್ಲಿ. ಆ ಜೋಳ ಊರಲ್ಲೇ ಕೂಡಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ಬಡಮನೆಗಳಿಗೆ ಕಡಿಮೆ ದರಕ್ಕೆ ಕೊಟ್ಟರು. ಯಾರು ಬಡವರು ಎಂದು ಕಚೇರಿ ನಿರ್ಧರಿಸಲಿಲ್ಲ. ಊರಿನ ನಕ್ಷೆಯನ್ನು ನೆಲದ ಮೇಲೆ ಬರೆದು, ಎಲ್ಲರೆದುರು ಮನೆಮನೆಗೆ ಗುರುತು ಹಾಕಿದರು. ಎದುರಿಗೇ ಕೂತಿರುವಾಗ ಸುಳ್ಳು ಹೇಳುವುದು ಕಷ್ಟ.

"ಮೊದಲ ಗೌಡರ ಮನಿ ಜ್ವಾಳಕ್ಕ ಕೈ ಒಡ್ತಿದ್ದೆವು. ಈಗ ನಮ್ಮದೇ ಅದ" ಎಂದು ಕನ್ನಡ-ತೆಲುಗು ಬೆರೆಸಿ ಹೇಳಿದ ಅವ್ವ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು.

ಐದನೆಯ ದಿನ: ಝರಾಸಂಗಂ – ಮಾಚನೂರು

ದಾರಿಯಲ್ಲಿ ಝರಾಸಂಗಮದ ಕೇತಕಿ ಸಂಗಮೇಶ್ವರ. ಶಿವನಿಗೆ ಕೇದಗೆ ಏರಿಸುವ ಅಪರೂಪದ ಗುಡಿ, ಬೀದರ್ ಕಡೆಯ ಭಕ್ತರು ತುಂಬ ಬರುತ್ತಾರೆ. ಅಲ್ಲಿಂದ ಆಟೋ ಹಿಡಿಯುವಾಗ ವಾಪಸಿನ ಮಾತನ್ನೂ ಆಡಿಕೊಳ್ಳಬೇಕು, ಸಂಜೆ ಮೇಲೆ ಗಾಡಿ ಸಿಗುವುದು ಕಷ್ಟ. ಮಾಚನೂರಿನಲ್ಲಿ ಇರುವುದು ಸಂಘಂ ರೇಡಿಯೋ, 90.4 ಮೆಗಾಹರ್ಟ್ಸ್.

ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಯುನೆಸ್ಕೋ ನೆರವಿನಿಂದ ಆ ದಶಕದಲ್ಲೇ ಸ್ಟುಡಿಯೋ ಸಿದ್ಧವಾಯಿತು, ಪರವಾನಗಿ ಮಾತ್ರ ಬರಲಿಲ್ಲ. ಹೆಂಗಸರು ಕಾಯುತ್ತ ಕೂರಲಿಲ್ಲ. ಹಾಡು, ಬೀಜದ ಮಾತು, ಮದ್ದಿನ ಮಾತು ರೆಕಾರ್ಡ್ ಮಾಡಿ ಕ್ಯಾಸೆಟ್ಟುಗಳನ್ನು ಊರೂರಿನ ರಾತ್ರಿ ಸಭೆಗಳಲ್ಲಿ ಕೇಳಿಸಿದರು. 2006ರಲ್ಲಿ ನೀತಿ ಬದಲಾಯಿತು, 2008ರ ಅಕ್ಟೋಬರ್ 15ರಂದು ಪ್ರಸಾರ ಶುರುವಾಯಿತು. ಸಮುದಾಯ ರೇಡಿಯೋಗೆ ಅನುಮತಿಯಿರುವ ಶಕ್ತಿ 100 ವ್ಯಾಟ್, ಕಂಬ 30 ಮೀಟರ್. ಸುತ್ತಲ ಹತ್ತು ಹದಿನೈದು ಕಿಲೋಮೀಟರಿಗೆ ಕೇಳುತ್ತದೆ. ಈ ಕೆಲಸಕ್ಕೆ ಅಷ್ಟೇ ಸಾಕು. ಪ್ರಸಾರದ ಹೊತ್ತನ್ನು ಸಂಜೆ ಏಳರ ಮೇಲೆ ಇಟ್ಟುಕೊಂಡದ್ದು ಕೂಲಿಯಿಂದ ಬಂದು ಒಲೆ ಹಚ್ಚುವ ಹೊತ್ತೆಂದು. ಹೊಲದಲ್ಲಿ ರೆಕಾರ್ಡ್ ಮಾಡುವವರಿಗೆ ದೊಡ್ಡ ಶತ್ರು ಗಾಳಿ. ಮೈಕಿಗೆ ದಪ್ಪ ಬಟ್ಟೆ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು, ಬಾಯಿಂದ ಒಂದು ಗೇಣು ದೂರ ಹಿಡಿಯಬೇಕು. ಹಾಡುವವರ ಬಳೆ ಸದ್ದು ಬರದಂತೆ ಮೊದಲು ಬಳೆ ಮೇಲೇರಿಸಿ ಎಂದು ಹೇಳಬೇಕು.

ಇದೇ ಸಂಘಂಗಳ ಹೆಂಗಸರು ವಿಡಿಯೋ ಕ್ಯಾಮೆರಾ ಕಲಿತು, ವಾರಂಗಲ್ಲಿನ ಬಿಟಿ ಹತ್ತಿ ಹೊಲಗಳಿಗೆ ವರ್ಷಗಟ್ಟಲೆ ಹೋಗಿ ಚಿತ್ರ ತೆಗೆದರು. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲ್ ಷಾಟ್, ಕೆಳಗಿನಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಷಾಟ್, ಕಣ್ಣಿಗೆ ಕಣ್ಣು ಸಮವಾಗಿದ್ದರೆ ಸಂಘಂ ಷಾಟ್. ಹೀಗೆ ಪಾಠ ಹೇಳಿಕೊಂಡವರಿಗೆ ಹೊರದೇಶದ ಅತಿಥಿಗಳ ಮುಂದೆ ಕೂರುವ ರೀತಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇತ್ತ ಬರುವ ಮನಸ್ಸಿದ್ದರೆ ಸಂಕ್ರಾಂತಿಯಿಂದ ಫೆಬ್ರುವರಿ ನಡುವಿನವರೆಗಿನ ಹೊತ್ತು ಆರಿಸಿಕೊಳ್ಳಿ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ದೇಸಿ ಬೀಜದ ಬುಟ್ಟಿಗಳನ್ನು ಹೊತ್ತು ಊರಿಂದೂರಿಗೆ ಸಾಗುವ ಬೀಜ ಜಾತ್ರೆ ಆಗಲೇ ನಡೆಯುವುದು. ಮೊದಲೇ ಫೋನ್ ಮಾಡಿ ಗಾಡಿ ಯಾವತ್ತು ಯಾವ ಊರಿನಲ್ಲಿರುತ್ತದೆ ಎಂದು ಕೇಳಿಕೊಳ್ಳಿ, ಜಹೀರಾಬಾದಿನಲ್ಲಿ ಉಳಿದುಕೊಳ್ಳಿ, ತೆಲುಗು ಬರದಿದ್ದರೆ ಚಿಂತೆ ಬೇಡ, ಬೀದರ್ ಕಡೆಯ ಕನ್ನಡ ನಡೆಯುತ್ತದೆ. ನಿಮ್ಮ ಊರಿನ ಜೋಳವೋ ಅವರೆಯೋ ಇದ್ದರೆ ಹಿಡಿಯಷ್ಟು ಬೀಜ, ಹೆಸರು ಮತ್ತು ಬಿತ್ತುವ ಮಳೆ ಬರೆದ ಚೀಟಿಯೊಡನೆ, ಬಟ್ಟೆಯ ಚೀಲದಲ್ಲಿ ಕಟ್ಟಿ ತನ್ನಿ. ಪ್ಲಾಸ್ಟಿಕ್ ಬೇಡ, ಬೀಜ ಬೆವರುತ್ತದೆ.